ಬಸವನ ಮಂಡಿಗೆ ನೀರು ಮುಟ್ಟಿದ ದಿನ

ಮಕ್ಕಳೇ, ನಗಿಸುವ ಕತೆ ಬೇಕಾದರೆ ಇನ್ನೊಂದು ದಿನ ಹೇಳುತ್ತೇನೆ. ಇದು ನಗಿಸುವ ಕತೆಯಲ್ಲ. ಆದರೂ ಕೊನೆಯವರೆಗೆ ಕೇಳಬೇಕು. ಅರ್ಧಕ್ಕೆ ಎದ್ದು ಹೋಗುವವರಿಗೆ ನಾನು ಕತೆ ಹೇಳುವುದೇ ಇಲ್ಲ. ಯಾಕೆ ಅಂತ ನಿಮಗೇ ಗೊತ್ತಾಗುತ್ತದೆ.

ಕಾಡಿನ ಅಂಚಿನಲ್ಲಿ ಒಂದು ಹೊಳೆ. ಹೊಳೆಯ ದಂಡೆಯಲ್ಲಿ ನೀರಲಿಂಗೇಶ್ವರನ ಗುಡಿ. ಬೇರೆ ಗುಡಿಗಳಲ್ಲಿ ಬಸವ ಕಾಲು ಮಡಚಿ ಮಲಗಿರುತ್ತಾನೆ, ಅಲ್ಲವೇ? ಇಲ್ಲಿನ ಕಲ್ಲಿನ ಬಸವ ಮಾತ್ರ ಹೊಳೆಯ ಮೆಟ್ಟಿಲ ಮೇಲೆ ನಾಲ್ಕೂ ಕಾಲೂರಿ ನಿಂತಿದ್ದ. ಗುಡಿಯ ಹಿಂದೆ ಒಂದು ಗುಡ್ಡ, ಅದರ ನೆತ್ತಿಯಲ್ಲಿ ಒಂದು ಪುಟ್ಟ ಮಂಟಪ.

ಆ ಗುಡಿಯ ಕತೆಯನ್ನು ಪ್ರತಿ ವರ್ಷ ಕಾರ ಹುಣ್ಣಿಮೆಯ ಸಂಜೆ, ಮಳೆ ಹಿಡಿಯುವ ಮೊದಲು, ಆಮೆಯಜ್ಜ ಎಲ್ಲ ಪ್ರಾಣಿಗಳಿಗೂ ಹೇಳುತ್ತಿದ್ದ. ಅಜ್ಜನಿಗೆ ವಯಸ್ಸಾಗಿ ದನಿ ಉಡುಗಿತು. ಆಗ ಚೆನ್ನಿಗ ಎಂಬ ಗೊರವಂಕ ಹಕ್ಕಿಯನ್ನು ಕರೆದ.

"ಚೆನ್ನಿಗ, ನಿನ್ನ ಗಂಟಲು ಚೆನ್ನಾಗಿದೆ. ಇನ್ನು ಮೇಲೆ ಕತೆ ನೀನೇ ಹೇಳು. ಆದರೆ ನಾನು ಹೇಳಿದ ಹಾಗೇ ಹೇಳಬೇಕು."

"ಆಗಲಿ ಅಜ್ಜ, ಒಂದು ಮಾತೂ ಬಿಡಲ್ಲ" ಎಂದ ಚೆನ್ನಿಗ.

ಕತೆ ಹೀಗಿತ್ತು. ಶಿವನ ಜಡೆಯಿಂದ ಜಾರಿದ ಒಂದು ಹನಿ ಅವನ ಮಗಳಾಗಿ ಬೆಳೆಯಿತು. ಅವಳೇ ಈ ಹೊಳೆ. ಅವಳನ್ನು ಶಿವ ಸಮುದ್ರರಾಜನಿಗೆ ಕೊಟ್ಟು ಮದುವೆ ಮಾಡಿದ. ಮಡಿಲು ತುಂಬಿಸಿಕೊಂಡು ಹೊರಟ ಮಗಳು ಅಳುತ್ತಾ, "ಅಪ್ಪಾ, ವರ್ಷಕ್ಕೊಮ್ಮೆ ತವರಿಗೆ ಬಂದು ನಿನ್ನ ಪಾದ ತೊಳೆದು ಹೋಗುತ್ತೇನೆ" ಎಂದಳು. ಶಿವ ಒಪ್ಪಿದ.

ಇದು ಅರ್ಧ. ಇನ್ನರ್ಧ ಕೇಳಿ. ಮಗಳು ಮತ್ತೆ ಹೇಳಿದಳು: "ಆದರೆ ಅಪ್ಪಾ, ನಾನು ಒಬ್ಬಳೇ ಬರುವುದಿಲ್ಲ. ಹಳ್ಳ, ತೊರೆ, ಝರಿ ಎಲ್ಲ ನಾದಿನಿಯರೂ ಜೊತೆಗೆ ಬರುತ್ತಾರೆ. ನಿನ್ನ ಮನೆ ಚಿಕ್ಕದು." ಅದಕ್ಕೆ ಶಿವ, "ಹಾಗಾದರೆ ಅವತ್ತು ನಾನೇ ಮನೆ ಬಿಟ್ಟುಕೊಟ್ಟು ಗುಡ್ಡದ ಮೇಲೆ ಕೂರುತ್ತೇನೆ. ಬಸವನ ಮಂಡಿಗೆ ನೀರು ಮುಟ್ಟಿತೆಂದರೆ ನನ್ನ ಅಂಗಳದಲ್ಲಿ ಒಂದು ಇರುವೆಯೂ ಉಳಿಯಬಾರದು" ಎಂದ. ಅದಕ್ಕೇ ಇವತ್ತಿಗೂ ಹೊಳೆ ಬಸವನ ಮಂಡಿ ಮುಟ್ಟಿದರೆ ಗುಡಿಯ ಅರ್ಚಕರು ಉತ್ಸವಮೂರ್ತಿಯನ್ನು ತಲೆಯ ಮೇಲೆ ಹೊತ್ತು ಗುಡ್ಡದ ಮಂಟಪಕ್ಕೆ ಒಯ್ಯುತ್ತಾರೆ.

ಮೊದಲ ವರ್ಷ ಚೆನ್ನಿಗ ಕತೆಯನ್ನು ಪೂರ್ತಿ ಹೇಳಿದ. ಮಗಳು ಅಳುವಾಗ ಕೇಳುವವರೂ ಅತ್ತರು. ಮುಂದಿನರ್ಧ ಬಂದಾಗ ಮಾತ್ರ ಅರಳಿಮರದ ಅಳಿಲು ರಾಚಿ ಆಕಳಿಸಿದಳು.

"ಅಯ್ಯೋ, ಪ್ರತಿ ವರ್ಷಾನೂ ಇದೇ ಗೋಳು. ಗುಡ್ಡ ಹತ್ತು, ಗುಡ್ಡ ಇಳಿ. ಎಷ್ಟು ಚೆನ್ನಾಗಿ ಹೇಳ್ತಿದ್ದೆ, ಕೊನೇಲಿ ಹಾಳು ಮಾಡಿದೆ ನೋಡು."

ಆ ಮಾತು ಚೆನ್ನಿಗನಿಗೆ ನಾಟಿತು. ಪಾಪ, ಅವನು ಕೆಟ್ಟವನೇನಲ್ಲ. ಹೊಗಳಿಕೆ ಅಂದರೆ ಪ್ರಾಣ, ಅಷ್ಟೇ. ನಮ್ಮಲ್ಲೂ ಅಂಥವರು ಎಷ್ಟು ಮಂದಿ ಇಲ್ಲ? ಎರಡನೆಯ ವರ್ಷ ಅವನು ಕೊನೆಯರ್ಧವನ್ನು ಎರಡು ಮಾತಿನಲ್ಲಿ ಮುಗಿಸಿದ. ಮೂರನೆಯ ವರ್ಷ ಅದನ್ನು ಬಿಟ್ಟೇಬಿಟ್ಟ. ಅದರ ಜಾಗಕ್ಕೆ ತನ್ನದೇ ಒಂದು ಮಾತು ಸೇರಿಸಿದ: "ತವರಿಗೆ ಬಂದ ಮಗಳು ತವರಿನ ಅಂಗಳದ ಒಂದು ಹುಲ್ಲುಕಡ್ಡಿಯನ್ನೂ ಅಲುಗಿಸುವುದಿಲ್ಲ!"

ಎಲ್ಲರೂ "ವಾಹ್ ವಾಹ್" ಎಂದರು. ಅವನ ಮುಂದೆ ನೇರಳೆ ಹಣ್ಣು, ಅತ್ತಿ ಹಣ್ಣು ರಾಶಿ ಬಿತ್ತು. ಆ ಮೂರೂ ವರ್ಷ ಮಳೆ ಸಣ್ಣದು. ನೀರು ಬಸವನ ಗೊರಸು ದಾಟಲಿಲ್ಲ.

ನಾಲ್ಕನೆಯ ವರ್ಷ ನಂಜವ್ವ ಎಂಬ ಮುಂಗುಸಿ ಆ ಗುಡಿಗೆ ಹೊಸದಾಗಿ ಬಂದಳು. ಗುಡಿಯ ಬುಡದ ಕಲ್ಲಿನ ಸಂದಿಯಲ್ಲಿ ಬಿಲ ಮಾಡಿ ಮೂರು ಮರಿ ಹಾಕಿದಳು. ಚೊಚ್ಚಲು ಬಾಣಂತಿ. ಕಾರ ಹುಣ್ಣಿಮೆಯ ಸಂಜೆ ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅವಳು ಬಿಲದ ಬಾಯಲ್ಲೇ ಕೂತು ಚೆನ್ನಿಗನ ಕತೆ ಕೇಳಿದಳು.

"ಅಣ್ಣಾ, ಹೊಳೆ ಇಷ್ಟು ಹತ್ತಿರ ಇದೆಯಲ್ಲ ಅಂತ ನನಗೆ ಜೀವ ಹಿಡಿಯಷ್ಟಾಗಿತ್ತು. ನಿನ್ನ ಕತೆ ಕೇಳಿ ಸಮಾಧಾನ ಆಯ್ತು" ಎಂದಳು.

ಚೆನ್ನಿಗ ಎದೆಯುಬ್ಬಿಸಿದ. ಆಮೆಯಜ್ಜ ಅವನನ್ನು ಪಕ್ಕಕ್ಕೆ ಕರೆದು, ಕೇಳಿಸೀಕೇಳಿಸದ ದನಿಯಲ್ಲಿ ಬೈದ.

"ಕತೆಯ ಕೊನೆ ಎಲ್ಲೋ?"

"ಅದು ಯಾರಿಗೂ ಬೇಡ ಅಜ್ಜ. ಸುಮ್ಮನೆ ಹೆದರಿಸೋದು ಯಾಕೆ?"

"ನಿನಗೆ ರೆಕ್ಕೆ ಇದೆ. ರಾಚಿಗೆ ಮರ ಇದೆ. ನನಗೆ ನೀರೇ ಮನೆ. ಆ ಬಾಣಂತಿಗೆ ಏನಿದೆ? ಹೋಗಿ ಹೇಳು."

"ನಾಳೆ ಹೇಳ್ತೀನಿ."

ನಾಳೆ ನಾಡಿದ್ದಾಯಿತು. ಈಗ ಹೇಳಿದರೆ, ಅವತ್ತು ಸುಳ್ಳು ಹೇಳಿದೆಯಾ ಅಂತ ಕೇಳುತ್ತಾಳಲ್ಲ ಎಂದು ಅವನಿಗೆ ನಾಚಿಕೆ. ಅಷ್ಟರಲ್ಲಿ ಮಳೆ ಹಿಡಿಯಿತು. ಹಗಲೂ ರಾತ್ರಿ ಒಂದೇ ಸಮನೆ ಸುರಿಯಿತು. ಐದನೆಯ ದಿನ ಮಧ್ಯಾಹ್ನ ಕೆಂಪು ನೀರು ಬಸವನ ಗೊರಸು ದಾಟಿ ಮಂಡಿಗೆ ಮುಟ್ಟಿತು.

ಅರ್ಚಕರು ಅವಸರದಲ್ಲಿ ಗುಡಿಯ ಬಾಗಿಲು ತೆರೆದರು. ಉತ್ಸವಮೂರ್ತಿಯನ್ನು ಮಡಿಬಟ್ಟೆಯಲ್ಲಿ ಸುತ್ತಿ, ತಲೆಯ ಮೇಲಿಟ್ಟುಕೊಂಡು, ಹಿಂತಿರುಗಿ ನೋಡದೆ ಗುಡ್ಡದ ದಾರಿ ಹಿಡಿದರು. ನಂಜವ್ವ ಅದನ್ನು ಬಿಲದ ಬಾಯಿಂದ ನೋಡಿದಳು.

"ಚೆನ್ನಿಗಣ್ಣಾ! ದೇವರೇ ಮನೆ ಬಿಟ್ಟು ಹೊರಟ ಹಾಗಿದೆಯಲ್ಲ?"

ಚೆನ್ನಿಗ ಗೋಪುರದ ಮೇಲೆ ಕೂತಿದ್ದ. ಅರಳಿಮರದಲ್ಲಿ ಅಳಿಲುಗಳೂ ಕಾಗೆಗಳೂ ಅವನನ್ನೇ ನೋಡುತ್ತಿದ್ದವು. ರಾಚಿ ಕೊಂಬೆಯಿಂದ ಬಗ್ಗಿ, "ಹುಲ್ಲುಕಡ್ಡೀನೂ ಅಲುಗಲ್ಲ ಅಂದಿದ್ದೆಯಲ್ಲೋ?" ಎಂದಳು. ಅಷ್ಟು ಮಂದಿಯ ಎದುರಿಗೆ ತಪ್ಪು ಒಪ್ಪಿಕೊಳ್ಳಲು ಅವನಿಗೆ ಬಾಯಿ ಬರಲಿಲ್ಲ.

"ದೇವರು ಮಗಳನ್ನು ಎದುರುಗೊಳ್ಳೋಕೆ ಹೊರಟಿದ್ದಾನೆ" ಎಂದ.

"ಎದುರುಗೊಳ್ಳೋಕಾದರೆ ಹೊಳೆ ಕಡೆ ಹೋಗಬೇಕಿತ್ತಲ್ಲ? ಗುಡ್ಡದ ಕಡೆ ಯಾಕೆ?"

"ಸುತ್ತು ಹಾಕಿ ಬರ್ತಾನೆ. ನೀನು ಮಲಗು. ಮರಿಗಳಿಗೆ ತಂಡಿ ತಗಲೀತು."

ಅವಳು ನಂಬಿದಳು. ಮರಿಗಳನ್ನು ಹೊಟ್ಟೆಗೆ ಅವಚಿಕೊಂಡು ಮಲಗಿದಳು.

ಆಮೆಯಜ್ಜ ಸುಮ್ಮನಿರಲಿಲ್ಲ. ಮಡುವಿನಿಂದ ಎದ್ದು, ಪ್ರವಾಹಕ್ಕೆ ಎದುರಾಗಿ ಈಜುತ್ತಾ, ಮೆಟ್ಟಿಲು ಮೆಟ್ಟಿಲು ತೆವಳುತ್ತಾ ಬಿಲದ ಕಡೆಗೆ ಬಂದ. ಆದರೆ ಅವನ ದನಿ ಆ ಹೊಳೆಯ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಚೆನ್ನಿಗನಿಗೆ ಅಜ್ಜನ ಮುಖ ಮಾತ್ರ ಕಾಣಿಸಿತು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಅಷ್ಟು ಹೊತ್ತಿಗೆ ನೀರು ಬಸವನ ಹೊಟ್ಟೆ ಮುಟ್ಟಿತ್ತು.

ಆಗ ಅವನ ಮಾನ, ನಾಚಿಕೆ ಎಲ್ಲ ಉದುರಿ ಹೋಯಿತು. ಬಾಣದಂತೆ ಕೆಳಗೆ ಹಾರಿ ಬಿಲದ ಬಾಯಲ್ಲಿ ಕಿರುಚಿದ.

"ನಂಜವ್ವಾ, ಏಳು! ನಾನು ಹೇಳಿದ್ದು ಸುಳ್ಳು! ಕತೆಗೆ ಇನ್ನೊಂದು ಅರ್ಧ ಇದೆ! ಗುಡ್ಡಕ್ಕೆ ಓಡು!"

ನಂಜವ್ವ ಅವನ ಮುಖ ನೋಡಲಿಲ್ಲ. ಬೈಯಲೂ ಇಲ್ಲ. ಅವಳಿಗೆ ಇದ್ದದ್ದು ಒಂದೇ ಬಾಯಿ, ಮರಿಗಳು ಮೂರು. ಕೈಗೆ ಮೊದಲು ಸಿಕ್ಕ ಮರಿಯನ್ನು ಕಚ್ಚಿಕೊಂಡು ಗುಡ್ಡಕ್ಕೆ ಓಡಿದಳು. ಮಂಟಪದಲ್ಲಿ, ದೇವರು ಕೂತಿದ್ದ ಕಲ್ಲಿನ ಪಕ್ಕದಲ್ಲೇ ಅದನ್ನಿಟ್ಟು ಇಳಿಜಾರಿನಲ್ಲಿ ಉರುಳುತ್ತಾ ಬಂದಳು.

ಬಿಲ ಇದ್ದ ಜಾಗದಲ್ಲಿ ನೀರಿತ್ತು.

ಮುಳುಗಿದಳು, ಎದ್ದಳು. ಮತ್ತೆ ಮುಳುಗಿದಳು. ಪ್ರತಿ ಸಲವೂ ಬರಿ ಬಾಯಲ್ಲೇ ಎದ್ದಳು. ಕೊನೆಗೆ ಆಮೆಯಜ್ಜ ಅವಳನ್ನು ಬೆನ್ನ ಮೇಲೆ ಹಾಕಿಕೊಂಡು ದಡ ಸೇರಿಸದಿದ್ದರೆ, ಮಂಟಪದಲ್ಲಿದ್ದ ಮರಿಗೆ ತಾಯಿಯೂ ಇರುತ್ತಿರಲಿಲ್ಲ. ಇದನ್ನು ಹೇಳಲು ನನಗೂ ಮನಸ್ಸಿಲ್ಲ ಮಕ್ಕಳೇ. ಆದರೆ ಇದನ್ನು ಬಿಟ್ಟು ಹೇಳಿದರೆ ನಾನೂ ಚೆನ್ನಿಗನೇ ಆಗುತ್ತೇನೆ.

ಎಂಟು ದಿನದ ಮೇಲೆ ನೀರಿಳಿಯಿತು. ದೇವರು ತನ್ನ ಮನೆಗೆ ಮರಳಿದ. ನಂಜವ್ವನ ಮನೆಗೆ ಮರಳಲು ಇಬ್ಬರು ಇರಲಿಲ್ಲ.

ಚೆನ್ನಿಗ ಅವತ್ತಿನಿಂದ ಮಾತು ಬಿಟ್ಟ. ನೇರಳೆ ಹಣ್ಣು ಕಂಡರೆ ಮುಖ ತಿರುಗಿಸುತ್ತಿದ್ದ. ಮರುವರ್ಷದ ಬೇಸಿಗೆಯಲ್ಲಿ ಆಮೆಯಜ್ಜ ತೀರಿಕೊಂಡ. ಕಾರ ಹುಣ್ಣಿಮೆ ಬಂತು. ಕತೆ ಹೇಳುವವರು ಯಾರೂ ಇರಲಿಲ್ಲ.

ಸಂಜೆ ನಂಜವ್ವ ಉಳಿದ ಒಬ್ಬಳೇ ಮಗಳನ್ನು ಕರೆದುಕೊಂಡು ಬಸವನ ಮುಂದೆ ಬಂದು ಕೂತಳು. ಗೋಪುರದ ಕಡೆ ತಲೆಯೆತ್ತಿದಳು.

"ಚೆನ್ನಿಗ, ಇಳಿದು ಬಾ."

ಅಣ್ಣ ಎನ್ನಲಿಲ್ಲ. ಅವನು ಇಳಿದು ಬಂದು ತಲೆ ತಗ್ಗಿಸಿ ನಿಂತ.

"ನಿನ್ನ ಮುಖ ನೋಡೋ ಆಸೆಯಿಂದ ಬಂದಿಲ್ಲ. ಅಜ್ಜ ಹೋದ. ಕತೆ ಮಾತಿಗೆ ಮಾತು ಪೂರ್ತಿ ಬರೋದು ನಿನಗೊಬ್ಬನಿಗೇ. ನನ್ನ ಮಗಳಿಗೆ ಹೇಳು. ಈ ಸಲ ಕೊನೆವರೆಗೂ ಹೇಳು."

ಚೆನ್ನಿಗ ಹೇಳಿದ. ದನಿಯ ಸವಿಯೆಲ್ಲ ಹೋಗಿತ್ತು. ಒಂದು ಮಾತನ್ನೂ ಬಿಡಲಿಲ್ಲ. ಮುಗಿದಾಗ ಯಾರೂ ವಾಹ್ ಎನ್ನಲಿಲ್ಲ. ರಾಚಿಯೂ ಆಕಳಿಸಲಿಲ್ಲ.

ಮರಿ ಕೇಳಿತು: "ಅಮ್ಮಾ, ಬಸವನ ಮಂಡಿ ಅಂದರೆ ಯಾವುದು?"

ನಂಜವ್ವ ಮಗಳ ಪುಟ್ಟ ಪಾದವನ್ನು ಹಿಡಿದೆತ್ತಿ ಆ ತಣ್ಣನೆಯ ಕಲ್ಲಿನ ಮೇಲೆ ಒತ್ತಿದಳು.

"ಇದು. ಇಲ್ಲಿಗೆ ನೀರು ಬಂದರೆ, ಯಾರು ಏನೇ ಅನ್ನಲಿ, ನೀನು ಓಡಬೇಕು."

ನೀತಿ: ಹಿರಿಯರ ಕತೆಯಲ್ಲಿ ಕಿವಿಗೆ ಹಿತವಾದದ್ದನ್ನು ಉಳಿಸಿ ಕಹಿಯಾದದ್ದನ್ನು ಬಿಡಬೇಡಿ, ಮೆಚ್ಚುಗೆಗಾಗಿ ಮುಚ್ಚಿಟ್ಟ ಎಚ್ಚರಿಕೆಗೆ ಬೆಲೆ ತೆರುವವರು ಹೇಳಿದವರಲ್ಲ, ನಂಬಿದವರು.