ಚೌಡಕ್ಕನ ಹಾಜರಿ ಬಂಡೆ

ನಮ್ಮ ಯೂನಿವರ್ಸಿಟಿ ಗೇಟಲ್ಲಿ ಬಸ್ಸಿಳಿದು ಸೀದಾ ನಡೀರಿ, ಲೈಬ್ರರಿ ಹತ್ರ ಡಾಂಬರು ರಸ್ತೆ ಇದ್ದಕ್ಕಿದ್ದ ಹಾಗೆ ಎಡಕ್ಕೆ ಸೊಟ್ಟಗಾಗುತ್ತೆ ನೋಡಿ! ಇಂಜಿನಿಯರ್ ತಪ್ಪಲ್ಲ ಅದು. ಅಲ್ಲೊಂದು ಬಂಡೆ ಇದೆ, ಆನೆ ಮಲಗಿದ ಹಾಗೆ. ಅದನ್ನ ಒಡೆಯೋ ಧೈರ್ಯ ಇವತ್ತಿನವರೆಗೂ ಯಾವ ವೈಸ್ ಚಾನ್ಸಲರಿಗೂ ಬಂದಿಲ್ಲ ಅಂತಾರೆ. ಅದೇ ಚೌಡಕ್ಕನ ಹಾಜರಿ ಬಂಡೆ. ಈಗೇನೋ ಸುತ್ತ ಅರವತ್ತು ಬಿಲ್ಡಿಂಗು, ಸಾವಿರಾರು ಹುಡುಗರು, ಯಾವ್ಯಾವ ದೇಶದಿಂದಲೋ ಬಂದವರು, ರಾಜಧಾನಿಗೇ ಹೆಮ್ಮೆ! ಆಗ ಏನಿತ್ತು ಹೇಳಿ? ಲಂಟಾನ ಪೊದೆ, ನವಿಲು, ಒಂದು ತಗಡಿನ ಶೆಡ್ಡು. ಅಷ್ಟೇ!

ಹಿಂದೆ ಒಮ್ಮೆ, ಯೂನಿವರ್ಸಿಟಿ ಪೇಟೆಯೊಳಗಿನ ಹಳೇ ಕಟ್ಟಡ ಬಿಟ್ಟು ಈ ಕುರುಚಲು ಕಾಡಿಗೆ ಬರೋಕೆ ಶುರು ಮಾಡಿದ ಹೊಸತರಲ್ಲಿ, ಗೋಡೆಗೆ ಕಲ್ಲು ಒಡೆಯೋಕೆ ಬಂದವಳು ಚೌಡಕ್ಕ. ಪಕ್ಕದ ಶೆಡ್ಡಲ್ಲಿ ಕೆದಿಲಾಯ ಮೇಷ್ಟ್ರು ಭೂವಿಜ್ಞಾನ ಹೇಳೋರು. ಇವಳ ಉಳಿ ಸದ್ದಿಗೆ ಪಾಠವೇ ಕೇಳಿಸದು! ಮೇಷ್ಟ್ರು ಹೊರಗೆ ಬಂದು, "ಒಂದು ಗಂಟೆ ನಿಲ್ಲಿಸ್ತೀಯಾ ತಾಯಿ?" ಅಂದ್ರು. "ಕಲ್ಲಿನ ಮಾತಾಡೋದಾದ್ರೆ ನಿಲ್ಲುಸ್ತೀನಿ ಸಾಮಿ. ವಸಿ ಜೋರಾಗೇಳಿ, ನಂಗೂ ಕೇಳ್ಲಿ" ಅಂದ್ಳು ಅವಳು. ಹುಟ್ಟಿದಾಗಿಂದ ಕಲ್ಲಿನ ಜೊತೆಗೇ ಬೆಳೆದವಳು, ಆದ್ರೆ ಈ ಕಲ್ಲು ಎಲ್ಲಿಂದ ಬಂತು ಅಂತ ಯಾರೂ ಹೇಳಿರಲಿಲ್ಲವಲ್ಲ! ದಿನಾ ಬಂಡೆ ಮೇಲೆ ಕೂತು ಕೇಳೋಳು. ಹಾಜರಿ ಪುಸ್ತಕದಲ್ಲಿ ತನ್ನ ಹೆಸರಿಲ್ಲ ಅಂತ, ಪಾಠ ಮುಗಿದ ತಕ್ಷಣ ಬಂಡೆ ಮೇಲೇ ಉಳಿಯಿಂದ ಒಂದು ಗೀಟು ಹಾಕೋಳು.

ಅಷ್ಟರಲ್ಲಿ ವಿಭಾಗ ತಪಾಸಣೆಗೆ ಕಮಿಟಿ ಬರುತ್ತೆ ಅಂತ ಸುದ್ದಿ. ಹನ್ನೆರಡು ಜನ ವಿದ್ಯಾರ್ಥಿಗಳಿಲ್ಲದಿದ್ರೆ ವಿಭಾಗ ಬಂದ್! ಕೊನೇ ಬಸ್‌ಸ್ಟಾಪಿಂದ ನಾಲ್ಕು ಮೈಲಿ ನಡೀಬೇಕು, ಯಾರು ಬರ್ತಾರೆ? ಆ ದಿನ ಬಂದಿದ್ದು ಹನ್ನೊಂದೇ. ಹನ್ನೆರಡನೇ ಗುರುಮೂರ್ತಿಗೆ ಜ್ವರ. ಕಮಿಟಿ ಯಜಮಾನ ದೇಸಾಯರು ಬಾಗಿಲಲ್ಲಿ ನಿಂತು, ಒಳಗೆ ನೋಡದೆ, ಹಾಜರಿ ಪುಸ್ತಕ ಹಿಡಿದು ತಾವೇ ಹೆಸರು ಕೂಗಿದ್ರು. "ಗುರುಮೂರ್ತಿ!" ಗೆಳೆಯನ್ನ ಉಳಿಸೋಕೆ ಇಬ್ಬರು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಎರಡು ಮೂಲೆಯಿಂದ ಒಟ್ಟಿಗೇ, "ಪ್ರೆಸೆಂಟ್ ಸಾರ್!"

"ಏನ್ರೀ ಮೇಷ್ಟ್ರ, ನಿಮ್ಮ ಗುರುಮೂರ್ತಿಗೆ ಎರಡ ಬಾಯಿ ಅದಾವೇನು?" ಅಂದ್ರು ದೇಸಾಯರು. ಮೇಷ್ಟ್ರ ಮುಖ ಸುಣ್ಣ! ಹೊರಗೆ ಚೌಡಕ್ಕನಿಗೂ ಕೇಳಿಸ್ತು. ನಾಳೆಯಿಂದ ಪಾಠವೇ ಇಲ್ವಾ? ಉಳಿ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದು ನಿಂತೇಬಿಟ್ಳು. "ನಾನಿವ್ನಿ ಸಾಮಿ, ಒಂದಿನಾನೂ ತಪ್ಸಿಲ್ಲ" ಅಂತ ಗೀಟು ತೋರಿಸಿದ್ಳು. ನಲವತ್ತೊಂದು!

ದೇಸಾಯರು ಒಂದು ಕಲ್ಲಿನ ಚೂರು ಎತ್ತಿ, "ಹಂಗಾದ್ರ ಇದು ಒಂದ ಕಡೆ ಯಾಕ ಸೀಳತೈತಿ, ಹೇಳು ನೋಡೂಣು" ಅಂದ್ರು.

"ಭೂಮಿ ಒಳ್ಗಿನ ಬಿಸಿಗೆ, ಒತ್ತಡಕ್ಕೆ ಬಿಳೀ ಎಳೆ, ಕರೀ ಎಳೆ ಸಾಲಾಗ್ ಕುಂತವೆ ಸಾಮಿ. ಎಳೆ ಗುಂಟ ಒಡುದ್ರೆ ಸೀಳ್ತದೆ, ಅಡ್ಡ ಒಡುದ್ರೆ ಉಳಿ ಮುರೀತದೆ. ಉಳಿ ಮಾತು ನಮ್ಮಪ್ಪ ಕಲ್ಸಿದ್ದು, ಎಳೆ ಮಾತು ಮೇಷ್ಟ್ರು ಕಲ್ಸಿದ್ದು."

"ಆದ್ರ ಈಕಿ ಹೆಸರು ಪುಸ್ತಕದಾಗ ಇಲ್ಲಲ್ಲ?"

ಆಗ ಮೇಷ್ಟ್ರಿಗೆ ಬಾಯಿ ಬಂತು. "ಹೆಸರು ಇವತ್ತೇ ಬರೆದುಕೊಳ್ಳಬಹುದು ಸ್ವಾಮಿ, ಇಷ್ಟು ಹಾಜರಿ ಒಂದೇ ದಿನಕ್ಕೆ ಬರೋದಿಲ್ಲ."

ದೇಸಾಯರು ಹೊರಗೆ ನಡೆದ್ರು, ಕೋಟಿನ ತೋಳು ಮಡಚಿದ್ರು, ಅವಳ ಉಳಿ ಸುತ್ತಿಗೆ ಇಸ್ಕೊಂಡು ಬಂಡೆ ಮೇಲೆ ಆ ದಿನದ ಗೀಟು ತಾವೇ ಹಾಕಿದ್ರು! "ಇನ್ನೂ ಕೈ ಪಳಗ್ಬೇಕು ಸಾಮಿ ನಿಮ್ದು" ಅಂತ ಚೌಡಕ್ಕ ನಕ್ಕಿದ್ದು ಶೆಡ್ಡಿನ ತಗಡಿಗೆಲ್ಲ ಕೇಳಿಸ್ತಂತೆ. ಚೌಡಕ್ಕನ ಹೆಸರು ಪುಸ್ತಕಕ್ಕೆ ಸೇರ್ತು, ವಿಭಾಗ ಉಳೀತು. ಅದನ್ನ ನೋಡಿ ಉಳಿದ ವಿಭಾಗಗಳೂ ಒಂದೊಂದಾಗಿ ಈ ಕಾಡಿಗೆ ಬಂದ್ವು ಅಂತಾರೆ.

ಇವತ್ತಿಗೂ ಹೊಸ ಹುಡುಗರು ಮೊದಲ ಕ್ಲಾಸಿಗೆ ಮುಂಚೆ ಆ ಗೀಟುಗಳ ಮೇಲೆ ಬೆರಳಾಡಿಸಿ ಹೋಗ್ತಾರೆ. ನೀವೂ ಬಂದಾಗ ಎಣಿಸಿ. ನಲವತ್ತೊಂದು ಗೀಟು, ನೂಲು ಹಿಡಿದ ಹಾಗೆ ನೆಟ್ಟಗೆ. ನಲವತ್ತೆರಡನೇದು ಮಾತ್ರ ಸೊಟ್ಟ.