ಗೋಪುರದ ಏಣಿ

ಐರ್ಲೆಂಡಿನಲ್ಲಿ, ನದಿ ಕಡಲು ಸೇರುವ ಕಡೆ, ಒಂದು ಮಠವಿತ್ತು. ಉತ್ತರದಿಂದ ವೈಕಿಂಗರು ಹಡಗೇರಿ ಬಂದು ದೋಚುತ್ತಿದ್ದ ಕಾಲ.

ಮಠದವರು ಕಲ್ಲಿನ ಗೋಪುರ ಕಟ್ಟಿ, ಅದರ ಬಾಗಿಲನ್ನು ಎರಡಾಳೆತ್ತರದಲ್ಲಿ ಇಟ್ಟಿದ್ದರು. ಹಡಗು ಕಂಡರೆ ಎಲ್ಲರೂ ಹತ್ತಿ ಏಣಿಯನ್ನು ಒಳಗೆಳೆದುಕೊಳ್ಳುತ್ತಿದ್ದರು.

ಏಣಿಯ ಹೊಣೆ ಶಿಷ್ಯ ಫೇಲಾನನದು. ಹಿಂದಿನ ದಾಳಿಯಲ್ಲಿ ಅವನ ಅಣ್ಣನನ್ನು ಗುಲಾಮನಾಗಿ ಹೊತ್ತೊಯ್ದಿದ್ದರು. ಅಂದಿನಿಂದ ಏಣಿ ಎಳೆಯುವುದರಲ್ಲಿ ಅವನನ್ನು ಮೀರಿಸುವವರೇ ಇರಲಿಲ್ಲ.

ಒಂದು ದಿನ ಹಡಗು ಕಂಡಿತು. ಫೇಲಾನ್ ಏಣಿ ಎಳೆದೇಬಿಟ್ಟ. ಆಮೇಲೆ ನೋಡಿದರೆ ವಯಸ್ಸಾದ ಗುರು ಎರ್ನಾನ್ ಕೆಳಗೇ ನಿಂತಿದ್ದಾರೆ!

"ಅಯ್ಯೋ ಗುರುಗಳೇ! ಏಣಿ ಬಿಡ್ತೀನಿ, ಬೇಗ ಹತ್ತಿ!"

"ಹಡಗಲ್ಲಿ ಏನು ಕಾಣುತ್ತೆ ಹೇಳು."

"ಕೊಡಲಿ, ಗುರಾಣಿ..."

"ಇನ್ನೇನು?"

"ಹಸು ಇದೆ. ಬೀಸೋ ಕಲ್ಲಿದೆ. ಹೆಂಗಸರೂ ಇದ್ದಾರೆ."

"ದೋಚೋಕೆ ಬರೋರು ಬೀಸೋ ಕಲ್ಲು ಹೊತ್ಕೊಂಡು ಬರ್ತಾರೇನಪ್ಪಾ?"

ಅಷ್ಟರಲ್ಲಿ ಕಡಲಿನ ಇಳಿತಕ್ಕೆ ನೀರು ತಗ್ಗಿ, ಹಡಗು ಕೆಸರಿನಲ್ಲಿ ಕೂತಿತು. ಹಸುವನ್ನು ದಡಕ್ಕೆ ಎಳೆಯಲು ಇಳಿದ ಹೆಂಗಸೊಬ್ಬಳು ಸೊಂಟದವರೆಗೆ ಹೂತುಹೋದಳು. ಹಡಗಿನವರು ಎಸೆದ ಹಗ್ಗ ಅವಳಿಗೆ ಎಟುಕಲಿಲ್ಲ.

"ಏಣಿ ಇಳಿಸು. ಕೆಸರಿನ ಮೇಲೆ ಹಾಸಬೇಕು," ಎಂದರು ಎರ್ನಾನ್.

"ಸಾಯ್ಲಿ ಬಿಡಿ! ನಮ್ಮಣ್ಣನ್ನ ಹೊತ್ಕೊಂಡು ಹೋದೋರು."

"ದೋಚೋರು ಸಂಜೆಗೆ ಹೊರಟುಹೋಗ್ತಾರೆ. ಇವರು ಮನೆ ಕಟ್ಟೋಕೆ ಬಂದಿದ್ದಾರೆ. ನೀನು ಎಷ್ಟು ಕಾಲ ಮೇಲೇ ಕೂತಿರ್ತೀಯ?"

ಫೇಲಾನ್ ಏಣಿಯನ್ನು ಇನ್ನಷ್ಟು ಒಳಕ್ಕೆ ಎಳೆದುಕೊಂಡ.

ಮುದುಕರು ಇನ್ನೊಂದು ಮಾತಾಡದೆ ದಂಡೆಗೆ ನಡೆದರು. ಕೋಲೂರಿ ಕೆಸರಿಗೆ ಇಳಿದೇಬಿಟ್ಟರು. ಮೊಣಕಾಲು ಮುಳುಗಿತು.

ಫೇಲಾನ್ ಹಲ್ಲು ಕಚ್ಚಿಕೊಂಡು ಏಣಿ ಇಳಿಸಿ, ತಾನೂ ಕೆಳಗಿಳಿದ. ಅದನ್ನು ಹೊತ್ತು ಓಡಿದ. ಗುರುಗಳನ್ನು ದಡಕ್ಕೆ ಎಳೆದು, ಏಣಿಯನ್ನು ಕೆಸರಿಗೆ ಹಾಸಿ, ಅದರ ಮೇಲೆ ತೆವಳುತ್ತಾ ಹೋಗಿ ಹೆಂಗಸಿನ ಎರಡೂ ಕೈ ಹಿಡಿದುಕೊಂಡ. ಬಹಳ ಹೊತ್ತು ಎಳೆದ ಮೇಲೆ ಅವಳು ಹೊರಗೆ ಬಂದಳು.

ದಡದಲ್ಲಿ ಕೂತು ಏದುಸಿರು ಬಿಡುತ್ತಾ ಅವಳು ಹೇಳಿದಳು: "ನಿನ್ನ ಹೊಟ್ಟೆ ತಣ್ಣಗಿರಲಿ, ತಮ್ಮಾ."

ಹೇಳಿದ್ದು ಫೇಲಾನನ ಭಾಷೆಯಲ್ಲೇ. ಅವನ ಮುಖ ಬಿಳುಚಿಕೊಂಡಿತು.

"ಗುರುಗಳೇ, ಇವಳು ನಮ್ಮ ಮಾತು ಆಡ್ತಾಳೆ! ಇವಳ ಮನೇಲಿ ನಮ್ಮೋರು ಗುಲಾಮರಾಗಿ ದುಡೀತಿದ್ದಾರೆ. ಇಲ್ಲದಿದ್ದರೆ ಹೇಗೆ ಕಲಿತಳು?" ಫೇಲಾನ್ ಸಿಟ್ಟಿನಿಂದ ಕೂಗಿದ.

"ಹಾಗೇ ಇರಬೇಕು," ಎಂದರು ಎರ್ನಾನ್. "ಮೊದಲು ಅವಳ ಕಾಲು ತೊಳಿ. ಆಮೇಲೆ ಯಾರು ಕಲಿಸಿದ್ರು ಅಂತ ಕೇಳು."