ಮಗ್ಗುಲು ಬದಲಿಸುವ ಕೈ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಮನೆ ಬಿಟ್ಟು ಬಂದೆ. ಆಸೆಗಳನ್ನೂ ಒಂದೊಂದಾಗಿ ಬಿಡುತ್ತಿದ್ದೇನೆ. ಎಲ್ಲವೂ ಹೋದ ಮೇಲೆ ಶಾಂತಿ ಸಿಗುತ್ತದೆಯೇ?"

ಗುರುಗಳು ಹೇಳತೊಡಗಿದರು:

ಒಬ್ಬ ಬಳೆಗಾರ್ತಿ ಇದ್ದಳು. ಬಳೆಯ ಮಲಾರ ಹೊತ್ತು ಊರೂರು ತಿರುಗಿದವಳು. ಮುಪ್ಪಿನಲ್ಲಿ ಜಾರಿ ಬಿದ್ದು ಸೊಂಟ ಮುರಿಯಿತು. ತನ್ನವರೆನ್ನುವವರು ಇರಲಿಲ್ಲ. ವೃದ್ಧಾಶ್ರಮಕ್ಕೆ ತಂದು ಮಲಗಿಸಿದರು.

ಮೊದಮೊದಲು ಅವಳ ಜೀವ ದಾರಿಗಾಗಿ ಹಂಬಲಿಸಿತು. ಯಾವುದಾದರೂ ಜಗಲಿಯ ಮೇಲೆ ಕೂತು ಹೆಣ್ಣುಮಕ್ಕಳ ಕೈ ಹಿಡಿದು ಬಳೆ ಇಡಬೇಕು ಅನ್ನಿಸುತ್ತಿತ್ತು. ಇನ್ನು ಆಗದು ಎಂದು ತಿಳಿಯಿತು, ಬಿಟ್ಟಳು. ಅಂಗಳದಲ್ಲಿ ಬಿಸಿಲಿಗೆ ಕೂರಬೇಕು ಅನ್ನಿಸಿತು. ಎತ್ತಿ ಕೂರಿಸುವವರಿರಲಿಲ್ಲ, ಅದನ್ನೂ ಬಿಟ್ಟಳು. ಕೊನೆಗೆ ಉಳಿದದ್ದು ಒಂದೇ: ಯಾರಾದರೂ ಬಂದು ಮಗ್ಗುಲು ಬದಲಿಸಿದರೆ ಸಾಕು. ಬೆನ್ನು ಉರಿಯುತ್ತಿತ್ತು. ಕರೆದಳು. ನಲವತ್ತು ಮಂದಿಗೆ ಆಳುಗಳು ಇಬ್ಬರೇ. "ಬಂದೆ" ಎನ್ನುತ್ತಿದ್ದರು, ಬರುತ್ತಿರಲಿಲ್ಲ. ಹೆಜ್ಜೆಯ ಸಪ್ಪಳ ಹತ್ತಿರವಾದಾಗಲೆಲ್ಲ ಉಸಿರು ಬಿಗಿಹಿಡಿಯುವಳು. ಸಪ್ಪಳ ಮುಂದಕ್ಕೆ ಹೋಗುವುದು. ಒಂದು ದಿನ ಕರೆಯುವುದನ್ನೇ ನಿಲ್ಲಿಸಿದಳು. ಆಶ್ರಮ ನೋಡಲು ಬಂದವರು "ಎಂಥ ಶಾಂತ ಜೀವ" ಎಂದು ಕೈಮುಗಿದು ಹೋದರು.

ಫಕೀರವ್ವ ಎಂಬ ಹೆಂಗಸು ಅಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದಳು. ಹಾಸಿಗೆಯ ಬಟ್ಟೆ ತೆಗೆಯಲು ಮುದುಕಿಯನ್ನು ಹೊರಳಿಸಿದಳು. ಸೊಂಟದ ಹಿಂದೆ ಅಂಗೈ ಅಗಲದ ಹುಣ್ಣು, ಬೆರಳು ಇಳಿಯುವಷ್ಟು ಆಳ.

"ಅಜ್ಜಿ, ಇಷ್ಟಾದರೂ ಯಾಕೆ ಕರೆಯಲಿಲ್ಲ?"

"ಕರೆಯಬೇಕು ಅನ್ನಿಸುವುದೇ ನಿಂತುಹೋಯಿತು, ತಾಯಿ."

ಅಂದಿನಿಂದ ಫಕೀರವ್ವ ಎರಡು ಗಂಟೆಗೊಮ್ಮೆ ಬಂದು ಅವಳ ಮಗ್ಗುಲು ಬದಲಿಸಿದಳು. ಹುಣ್ಣು ತೊಳೆದು ಕಟ್ಟಿದಳು. ತಿಂಗಳುಗಳು ಕಳೆದವು. ಹುಣ್ಣು ಪೂರ್ತಿ ಮಾಯಲಿಲ್ಲ. ಅಂಚಿನಲ್ಲಿ ಹೊಸ ಚರ್ಮ ಬಂತು. ಮುದುಕಿ ಮಾತ್ರ ತಾನಾಗಿ ಏನನ್ನೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಫಕೀರವ್ವ ಬರುವುದು ತಡವಾಯಿತು. ಬಟ್ಟೆ ಒಗೆಯುತ್ತಿದ್ದವಳಿಗೆ ಒಳಗಿನಿಂದ ಕೂಗು ಕೇಳಿಸಿತು:

"ಫಕೀರವ್ವಾ! ಎಲ್ಲಿ ಹೋದೆಯೇ? ಬೆನ್ನು ಉರಿಯುತ್ತಿದೆ, ಬೇಗ ಬಾ!"

ಫಕೀರವ್ವ ಒದ್ದೆ ಕೈಯಲ್ಲೇ ಓಡಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮುಖದಲ್ಲಿ ನಗು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಹಾಗಾದರೆ ನಾನು ಬಿಟ್ಟ ಆಸೆಗಳು?" ಎಂದ.

"ಅದಿರಲಿ," ಎಂದರು ಗುರುಗಳು, "ನೀನು ಬಿಟ್ಟು ಬಂದ ಮನೆಯಲ್ಲಿ ನಿನ್ನನ್ನು ಕರೆದು ಕರೆದು ಆಸೆ ಬಿಟ್ಟವರು ಯಾರು?"